ಸುಮ್ಮನೆ ಕೂರದ ಬಾಯಿ

"ಆ ಗಂಟು ಮುಟ್ಟಬೇಡ. ಮುಟ್ಟಿದ್ರೂ ಬಿಚ್ಚಬೇಡ. ಬಿಚ್ಚಿದ್ರೂ ನನ್ನಮ್ಮಾ, ಆ ಖಾಲಿ ಬಾಯಿನ ಮಾತ್ರ ಅಗಿಸಬೇಡ."

ಹೊಸಬಳಿಗೆ, ಕೆಲಸಕ್ಕೆ ಸೇರಿದ ಮೊದಲ ದಿನವೇ, ಪ್ಲಾಸ್ಟರಮ್ಮ ಹೇಳಿದ ಮಾತಿದು. ಹಲ್ಲುಸೆಟ್ಟು ತಯಾರಿಸುವ ಆ ನೆಲಮಾಳಿಗೆಯಲ್ಲಿ ಅಚ್ಚುಗಳಿಗೆ ಪ್ಲಾಸ್ಟರ್ ಕಲಸಿ ಹೊಯ್ಯುವುದು ಅವಳ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿ ಅವಳ ಹುಬ್ಬು, ರೆಪ್ಪೆ, ಉಗುರು ಎಲ್ಲ ಬೆಳ್ಳಗಾಗಿದ್ದವು. ಅವಳು ಬೆರಳು ತೋರಿದ್ದು ಎಲ್ಲಕ್ಕಿಂತ ಮೇಲಿನ ಹಲಗೆಯ ಮೂಲೆಗೆ. ಅಲ್ಲಿ ಕಪ್ಪು ಬಟ್ಟೆಯಲ್ಲಿ ಸುತ್ತಿ ಕೆಂಪು ದಾರ ಬಿಗಿದ ಗಂಟೊಂದು ಕೂತಿತ್ತು.

ಹೇಳಿಸಿಕೊಂಡವಳೇನು ಸಾಮಾನ್ಯದವಳೇ? ತೊಟ್ಟಿಲಲ್ಲಿ ಇಟ್ಟ ಹೆಸರೊಂದಿತ್ತು ನಿಜ, ಆದರೆ ಮನೆಯಲ್ಲೂ ಬೀದಿಯಲ್ಲೂ ಎಲ್ಲರೂ ಬಾಯಿಬಡುಕಿ ಅಂತಲೇ ಕರೆದು ಕರೆದು ಆ ಹೆಸರಿಗೆ ತುಕ್ಕು ಹಿಡಿದಿತ್ತು. ಮೂವತ್ತೆರಡರ ಹೆಂಗಸು. ಮೇಣದಲ್ಲಿ ಹಲ್ಲು ಜೋಡಿಸುವುದರಲ್ಲಿ ಎತ್ತಿದ ಕೈ. ಮಾಟ, ಮಂತ್ರ ಅಂದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಏನಿದೆ ಪ್ಲಾಸ್ಟರಮ್ಮ ಅದ್ರಲ್ಲಿ? ನಿಮ್ಮತ್ತೆ ಬಾಯಾ?"

ಪ್ಲಾಸ್ಟರಮ್ಮ ನಗಲಿಲ್ಲ. ಮೇಲಿನ ದವಡೆ, ಕೆಳಗಿನ ದವಡೆಯ ಅಚ್ಚುಗಳನ್ನು ಎದುರುಬದುರು ಕೂರಿಸಿ ಅಗಿಸಿ ನೋಡುವ ಹಿತ್ತಾಳೆಯ ಕೀಲುಚೌಕಟ್ಟಿಗೆ ಅಲ್ಲಿನವರು 'ಬಾಯಿ' ಅಂತಲೇ ಅನ್ನುತ್ತಿದ್ದರು. ಸೆಟ್ಟು ಗಿರಾಕಿಯ ಕೈ ಸೇರಿದ ದಿನವೇ ಅಚ್ಚು ಒಡೆದು ಬಾಯಿ ತೊಳೆದಿಡುವುದು ಅಲ್ಲಿಯ ಪದ್ಧತಿ. ಇದೊಂದನ್ನು ಮಾತ್ರ ಯಾರೂ ಒಡೆದಿರಲಿಲ್ಲ.

"ಒಂಬತ್ತು ವರ್ಷ ಆಯ್ತು," ಅಂದಳು, ಕಲಸುತ್ತಿದ್ದ ಬಟ್ಟಲಿನಿಂದ ಕಣ್ಣೆತ್ತದೆ. "ರಿಟೈರಾದ ಟೀಚರಮ್ಮ ಒಬ್ರು ಸೆಟ್ ಮಾಡಿಸ್ಕೊಳ್ಳೋಕೆ ಬಂದ್ರು. ಅಚ್ಚು ತೆಗೆಯೋಕೆ ಬಾಯಿಗೆ ಕೈ ಇಟ್ರೆ ಸಾಕು, ವಾಕರಿಕೆ. ಹೇಗೋ ಮಾಡಿ ಕೊಟ್ವಿ. ಕೂರಲಿಲ್ಲ. ಇನ್ನೊಂದು ಮಾಡಿದ್ವಿ, ಅದೂ ಕೂರಲಿಲ್ಲ. ಬರ್ತಾ ಬರ್ತಾ ಅವರ ಬಾಯೇ ಸುಮ್ಮನೆ ಕೂರ್ತಿರಲಿಲ್ಲ. ಬಾಯೊಳಗೆ ಏನೂ ಇಲ್ದೆ ಅಗೀತಾನೇ ಇರೋರು. ಏಳು ಸೆಟ್ ಮಾಡಿದ್ವಿ ಕಣೇ, ಏಳು! ಆ ಕಿಟಕಿ ಪಕ್ಕ ಕೂರ್ತಿದ್ದ ಇಬ್ರು ಅವರ ಬೆನ್ನ ಹಿಂದೆ ಅವರ ಥರಾನೇ ಬಾಯಿ ಮಾಡಿ ನಗೋರು. ಒಂದಿನ ಕನ್ನಡೀಲಿ ಕಂಡ್ಬಿಡ್ತು."

ಟೀಚರಮ್ಮ ಬೈಯಲಿಲ್ಲವಂತೆ. ತನ್ನ ಅಚ್ಚು ಕೂರಿಸಿದ ಬಾಯಿಯನ್ನು ಕೇಳಿ ಇಸಿದುಕೊಂಡರು. ತಲೆಯಿಂದ ಒಂದು ಎಳೆ ನರೆಗೂದಲು ಕಿತ್ತರು, ಇನ್ನೊಂದು ಎಳೆ ಕಿತ್ತರು, ಹೀಗೇ ಒಂದು ಹಿಡಿಯಾಗುವ ತನಕ ಕಿತ್ತರು. ಅದನ್ನು ಕೀಲಿಗೆ ಸುತ್ತಿ, ಮೂರು ಸಲ ಉಗಿದರು. ನನ್ನ ಬಾಯಿ ನೋಡಿ ನಕ್ಕೋರ ಬಾಯಿ ಸುಮ್ಮನೆ ಕೂರಬಾರದು, ಕೈಕಾಲು ಕತ್ತೂ ಕೂರಬಾರದು ಅಂದು ಮೆಟ್ಟಿಲು ಹತ್ತಿ ಹೋದರು. ತಿಂಗಳೊಳಗೆ ತೀರಿಕೊಂಡರು. ನಕ್ಕ ಇಬ್ಬರಲ್ಲಿ ಒಬ್ಬನ ನಾಲಿಗೆ ಬಾಯೊಳಗೆ ನಿಲ್ಲದ ಹಾಗಾಯಿತು, ಇನ್ನೊಬ್ಬನ ಕತ್ತು ಹೆಗಲ ಕಡೆ ಎಳೆಯತೊಡಗಿತು. ಇಬ್ಬರೂ ಕೆಲಸ ಬಿಟ್ಟರು.

"ಒಡೆದು ಬಿಸಾಕೋದಲ್ವಾ ಮತ್ತೆ?"

"ಒಡೆದ್ರೆ ಒಳಗಿರೋದು ಹೊರಗೆ ಬರುತ್ತೆ. ಮನೆ ಕಳ್ಕೊಂಡ ಬಾಯಿ ಇನ್ನೊಂದು ಬಾಯಿ ಹುಡುಕ್ಕೊಂಡು ಹೋಗುತ್ತೆ."

ಮಧ್ಯಾಹ್ನ ಅಂಗಡಿಯ ಯಜಮಾನರು ಹೊರಗೆ ಹೋದದ್ದೇ ತಡ, ಬಾಯಿಬಡುಕಿ ಸ್ಟೂಲು ಹತ್ತಿದಳು. ದಾರ ಬಿಚ್ಚಿದಳು. ಬಟ್ಟೆ ಸರಿಸುತ್ತಿದ್ದಂತೆ ಬಹಳ ದಿನ ಮುಚ್ಚಿಟ್ಟ ಬಾಯಿಯ ವಾಸನೆ, ಹುಳಿ ಹುಳಿ ಉಗುಳಿನ ವಾಸನೆ ಮೂಗಿಗೆ ಬಡಿಯಿತು. ಹಳದಿಯಾದ ಪ್ಲಾಸ್ಟರಿನ ಮೇಲೆ, ಮೇಣದಲ್ಲಿ ಕೂರಿಸಿದ ಏಳನೆಯ ಸೆಟ್ಟಿನ ಹಲ್ಲುಗಳು ಹಾಗೇ ಇದ್ದವು. ಕೀಲಿನ ಸುತ್ತ ನರೆಗೂದಲು.

"ನಮಸ್ಕಾರ ಟೀಚರಮ್ಮ, ಊಟ ಆಯ್ತಾ?" ಅಂದಳು. ಕಟ್. ಕಟ್. ಕಟ್. ಮೂರು ಸಲ ಅಗಿಸಿದಳು. ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಪ್ಲಾಸ್ಟರಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಬಟ್ಟಲಲ್ಲಿದ್ದ ಪ್ಲಾಸ್ಟರ್ ಕಲ್ಲಾಗುವ ತನಕ ಕೈ ತೆಗೆಯಲಿಲ್ಲ.

ಮನೆಗೆ ಹೋಗಿ ತಂಗಿಗೆ ಹೇಳದಿದ್ದರೆ ಆದೀತೇ? ಬಾಯಿಬಡುಕಿಗೆ ತಂಗಿಯೇ ಪ್ರಪಂಚ. ತಾಯಿ ಸತ್ತಾಗ ತಂಗಿಗೆ ಆರು ವರ್ಷ. ಅಂದಿನಿಂದ ಸಾಕಿದವಳು, ಮದುವೆ ಮಾಡಿದವಳು ಇವಳೇ. ತಂಗಿಯ ಗಂಡ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುತ್ತಿರಲಿಲ್ಲ, ಹಾಗಾಗಿ ಅಕ್ಕತಂಗಿ ಒಂದೇ ಮನೆಯಲ್ಲಿದ್ದರು. ತಂಗಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಕಳೆದುಹೋಗಿತ್ತು. ಎರಡನೆಯದಾದ ಮೇಲೆ ಆ ಹುಡುಗಿ ನಗುವುದನ್ನೇ ಬಿಟ್ಟಿದ್ದಳು. ಅವಳನ್ನು ನಗಿಸಲಿಕ್ಕೆಂದೇ ಅಕ್ಕ ಅವತ್ತು ತಟ್ಟೆಯ ಮುಂದೆ ಕೂತು ಟೀಚರಮ್ಮನಾದಳು. ತುಟಿ ಚೂಪು ಮಾಡಿ, ದವಡೆ ಆಡಿಸಿ, ನಾಲಿಗೆಯ ತುದಿಯನ್ನು ಹಲ್ಲಿಯ ಹಾಗೆ ಹೊರಗೆ ಹಾಕಿ ಒಳಗೆ ಎಳೆದಳು. ತಂಗಿ ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಸಾಕು ಅಕ್ಕಾ, ಪಾಪ! ಇನ್ನೊಂದ್ಸಲ ಮಾಡು."

ಕೆಲಸವೇನೋ ಚೆನ್ನಾಗಿತ್ತು, ಕಷ್ಟವಿದ್ದದ್ದು ವಾಸನೆಯದು. ಸೆಟ್ಟಿನ ಒಸಡು ಮಾಡುವ ಗುಲಾಬಿ ಬಣ್ಣದ ಪುಡಿಗೆ ಬೆರೆಸುವ ದ್ರಾವಣದ ಶೀಶೆ ತೆರೆದರೆ, ಉಗುರುಬಣ್ಣದ ನೂರು ಬಾಟಲಿ ಒಟ್ಟಿಗೆ ಒಡೆದ ಹಾಗೆ. ಗಾಳಿಗೆ ಇದ್ದದ್ದು ಒಂದೇ ಕಿಟಕಿ, ಅದೂ ಸೂರಿನ ಹತ್ತಿರ, ರಸ್ತೆಯ ಮಟ್ಟಕ್ಕೆ. ಅದರಲ್ಲಿ ಕಾಣುತ್ತಿದ್ದದ್ದು ಹೋಗಿ ಬರುವವರ ಚಪ್ಪಲಿಗಳು. ಮೊದಲ ವಾರ ಬಾಯಿಬಡುಕಿ ತಿಂದದ್ದೆಲ್ಲ ಕಕ್ಕಿದಳು. ಯಜಮಾನರು ದೇವರಂಥ ಮನುಷ್ಯ. ಕೆಲಸದವರ ಹೊಟ್ಟೆ ತೊಳಸಬಾರದೆಂದು ಅವರೊಂದು ತಗಡಿನ ಡಬ್ಬ ಇಟ್ಟಿದ್ದರು. ತುಂಬ ಪುಟ್ಟ ಬಿಳಿ ಮಾತ್ರೆ.

"ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಹಾಕ್ಕೋಮ್ಮ, ಮೂರು ಹೊತ್ತೂ. ಯಾವ ಕಾಲದಲ್ಲೋ ಡಾಕ್ಟ್ರು ನಂಗೆ ಬರ್ಕೊಟ್ಟಿದ್ದು. ಹನ್ನೆರಡು ವರ್ಷದಿಂದ ನುಂಗ್ತಿದೀನಿ, ನೋಡು, ಗುಂಡುಕಲ್ಲಿನ ಹಾಗಿದೀನಿ."

ಮಾತ್ರೆ ಕೆಲಸ ಮಾಡಿತು. ವಾಂತಿ ನಿಂತಿತು. ಆ ಡಬ್ಬ ಬಾಯಿಬಡುಕಿಗೆ ಅಕ್ಕರೆಯ ವಸ್ತುವಾಯಿತು.

ಎರಡು ತಿಂಗಳಾದ ಮೇಲೆ ಕಾಲು ಶುರುವಾಯಿತು. ಕೂತರೆ ಮೇಜಿನ ಕೆಳಗೆ ಹಿಮ್ಮಡಿ ತಾನೇ ಕುಣಿಯುತ್ತಿತ್ತು. ನಿಲ್ಲಿಸಿದರೆ ಎಲುಬಿನೊಳಗೆ ಇರುವೆ ಹರಿದ ಹಾಗೆ. ಎದ್ದು ನಿಂತರೆ ನಡೆಯಬೇಕು, ನಡೆದರೆ ತಿರುಗಬೇಕು, ತಿರುಗಿ ಬಂದು ಕೂತರೆ ಮತ್ತೆ ಏಳಬೇಕು. ಊಟಕ್ಕೆ ಕೂತವಳು ತಟ್ಟೆ ಹಿಡಿದುಕೊಂಡೇ ಮನೆಯೆಲ್ಲ ಸುತ್ತುತ್ತಿದ್ದಳು. ಎಲ್ಲಿಯೂ ಇರಲಾಗದು. ತನ್ನ ಮೈಯೊಳಗೆ ತಾನೇ ಇರಲಾಗದು. ಕೆಲಸ ಹೆಚ್ಚಾಯಿತು, ನಿದ್ದೆ ಕಡಿಮೆಯಾಯಿತು ಅಂದುಕೊಂಡಳು.

ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ತಂಗಿ ಕೇಳಿದಳು: "ಅಕ್ಕಾ, ಏನ್ ತಿಂತಿದ್ದೀಯ?"

"ಏನೂ ಇಲ್ವಲ್ಲೇ."

"ಮತ್ತೆ ಬಾಯಿ?"

ಕನ್ನಡಿಯ ಮುಂದೆ ಹೋಗಿ ನಿಂತಳು. ತುಟಿ ಚೂಪಾಗುತ್ತಿತ್ತು. ದವಡೆ ಆಡುತ್ತಿತ್ತು. ನಾಲಿಗೆಯ ತುದಿ ಹೊರಗೆ ಬಂತು, ಒಳಗೆ ಹೋಯಿತು. ಬಿಗಿಯಾಗಿ ಕಚ್ಚಿ ಹಿಡಿದು ಹತ್ತು ಎಣಿಸಿದಳು, ನಿಂತಿತು. ಹನ್ನೊಂದಕ್ಕೆ ಮತ್ತೆ.

ಆದರೂ ಬುದ್ಧಿವಂತೆ ನೋಡಿ, ಮಾಟವನ್ನು ಒಪ್ಪುವವಳಲ್ಲ. ಸೆಟ್ಟು ಕೂರದಿದ್ದರೆ ಬಾಯಿ ತಡಕಾಡುತ್ತದೆ ಎಂಬುದು ಅವಳ ಕಸುಬಿನ ಪಾಠ. ಹಾಗಾದರೆ ತನ್ನ ಹಲ್ಲೇ ಎಲ್ಲೋ ಎತ್ತರವಾಗಿರಬೇಕು, ಅಷ್ಟೇ! ಹಲ್ಲುಸೆಟ್ಟಿನವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಎತ್ತರ ಗುರುತಿಸುವ ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿದಳು. ದವಡೆಹಲ್ಲಿನ ಮೇಲೆ ನೀಲಿ ಚುಕ್ಕೆ ಬಿತ್ತು. ಅಂಗೈಯಗಲದ ಕನ್ನಡಿ ನಿಲ್ಲಿಸಿಕೊಂಡು, ಸೆಟ್ಟಿನ ಹಲ್ಲನ್ನು ಉಜ್ಜಿ ತಗ್ಗಿಸುವ ಮೋಟಾರಿನ ಮುಳ್ಳನ್ನು ತನ್ನ ಬಾಯಿಗೇ ಇಟ್ಟಳು. ಗುಂಯ್ ಎಂದಿತು. ಸುಟ್ಟ ಕೊಂಬಿನ ವಾಸನೆ ಬಂತು. ಚುಕ್ಕೆ ಹೋಯಿತು.

ಅರ್ಧ ದಿನ ಸಮಾಧಾನ. ಮಾರನೆಯ ದಿನ ಇನ್ನೊಂದು ಕಡೆ ಚುಕ್ಕೆ. ಅದನ್ನೂ ಉಜ್ಜಿದಳು. ಬಾಯಿ ಆಡುತ್ತಿದ್ದರೆ ಚುಕ್ಕೆ ದಿನಕ್ಕೊಂದು ಕಡೆ ಬೀಳುವುದೇ ಹೌದು, ಅದನ್ನು ಹೇಳುವವರಾರು? ಒಂದು ವಾರದೊಳಗೆ ಆರು ಹಲ್ಲು ಚಪ್ಪಟೆಯಾದವು. ತಣ್ಣೀರು ಕುಡಿದರೆ ನೆತ್ತಿಗೆ ಮಿಂಚು ಹೊಡೆಯುತ್ತಿತ್ತು.

ಅದೇ ವಾರ ಗಮನಿಸಿದಳು. ಮೇಲಿನ ಹಲಗೆಯ ಗಂಟಿನ ಕೆಳಗೆ ಬಿಳಿ ಪುಡಿ ಬಿದ್ದಿತ್ತು. ಒರೆಸಿದಳು. ಮಾರನೆಯ ಬೆಳಿಗ್ಗೆ ಮತ್ತೆ ಬಿದ್ದಿತ್ತು. ತಾನು ಅಗಿದಷ್ಟೂ ಅದೂ ಅಗಿಯುತ್ತಿದೆಯೇ? ಛೆ, ನೆಲಮಾಳಿಗೆಯೆಲ್ಲ ಪ್ಲಾಸ್ಟರಿನ ಧೂಳೇ ತಾನೆ! ಹಾಗಂದುಕೊಂಡರೂ ಆ ಕಡೆ ಬೆನ್ನು ಹಾಕಿ ಕೂರಲು ಅವಳಿಂದಾಗಲಿಲ್ಲ.

ಆ ಹೊತ್ತಿಗೆ ತಂಗಿಗೆ ಮತ್ತೆ ಬಸಿರು ನಿಂತಿತ್ತು. ಮೂರನೆಯದು. ಅಕ್ಕತಂಗಿ ಅದರ ಬಗ್ಗೆ ಜೋರಾಗಿ ಮಾತಾಡಲೂ ಹೆದರುತ್ತಿದ್ದರು. ಎರಡು ತಿಂಗಳು ತುಂಬುವಷ್ಟರಲ್ಲಿ ವಾಂತಿ ಶುರುವಾಯಿತು. ಒಂದು ಗುಟುಕು ನೀರೂ ನಿಲ್ಲದು. ಹುಡುಗಿ ಕಡ್ಡಿಯಾದಳು. "ಇದೂ ಹೋಗುತ್ತೆ ಅಕ್ಕಾ," ಅಂತ ಗೋಡೆಗೆ ಮುಖ ಮಾಡಿ ಮಲಗಿದಳು. ಅಕ್ಕನ ಕರುಳು ಕಿತ್ತು ಬಂತು. ಡಬ್ಬದಿಂದ ಒಂದು ಹಿಡಿ ಮಾತ್ರೆ ಚೀಟಿಯಲ್ಲಿ ಕಟ್ಟಿಕೊಂಡು ಬಂದಳು.

"ನುಂಗು. ನಮ್ಮ ಯಜಮಾನ್ರ ಮಾತ್ರೆ. ನಂಗೆ ವಾಂತಿ ನಿಂತಿದ್ದು ಇದ್ರಿಂದಾನೇ."

ಮೊದಲ ದಿನ ತಂಗಿ ಎರಡು ತುತ್ತು ಉಂಡಳು. ಎರಡನೆಯ ದಿನ ಒಂದರ ಬದಲು ಎರಡೆರಡು ನುಂಗಿ, ತಟ್ಟೆ ಖಾಲಿ ಮಾಡಿದಳು. ಮೂರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು.

ತಂಗಿ ನೆಲದ ಮೇಲೆ ಕೂತಿದ್ದಳು. ಕತ್ತು ಹಿಂದಕ್ಕೆ, ಎಡಕ್ಕೆ ತಿರುಚಿಕೊಂಡಿತ್ತು. ಯಾರೋ ಜಡೆ ಹಿಡಿದು ಎಳೆದ ಹಾಗೆ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಹಾಕಿಕೊಂಡು ಬರೀ ಬಿಳುಪು ಕಾಣುತ್ತಿತ್ತು. ದವಡೆ ಒಂದು ಪಕ್ಕಕ್ಕೆ ಜಾರಿತ್ತು. ನಾಲಿಗೆ ಹೊರಗೆ. ಆದರೆ ಎಚ್ಚರವಿತ್ತು, ಪೂರ್ತಿ ಎಚ್ಚರ.

"ಅ...ಕ್ಕಾ. ಬಿಡ್ಸು."

ಯಾರಿಂದ ಬಿಡಿಸಲಿ? ಬಾಯಿ, ಕೈಕಾಲು, ಕತ್ತೂ ಕೂರಬಾರದು. ಪ್ಲಾಸ್ಟರಮ್ಮನ ಮಾತು ತಲೆಯಲ್ಲಿ ಗಿರ್ರೆಂದಿತು. ತಂಗಿ ನಕ್ಕಿದ್ದಳು. ತಟ್ಟೆಯ ಮುಂದೆ ಕೂತು, ಕಣ್ಣೀರು ಬರುವ ಹಾಗೆ ನಕ್ಕಿದ್ದಳು. ನಗಿಸಿದವಳು ನಾನೇ. ಮೂವತ್ತೆರಡು ವರ್ಷದ ಬುದ್ಧಿವಂತಿಕೆ ಒಂದು ಕ್ಷಣದಲ್ಲಿ ಮಣ್ಣುಪಾಲಾಯಿತು. ಪಕ್ಕದ ಮನೆಯ ದೊಡ್ಡಮ್ಮನನ್ನು ಕೂಗಿ ಕರೆದು, "ಇವಳನ್ನ ನೋಡ್ಕೊಳ್ಳಿ, ಬಂದೆ," ಅಂದು ಓಡಿದಳು. ಆಸ್ಪತ್ರೆಯ ಕಡೆಗಲ್ಲ, ಅಂಗಡಿಯ ಕಡೆಗೆ.

ಓಡಿದಳು. ಬಾಯಿ ಆಡುತ್ತಿತ್ತು. ಚಪ್ಪಲಿ ಕಿತ್ತುಹೋಯಿತು. ಬರಿಗಾಲಲ್ಲಿ ಓಡಿದಳು. ಮೆಟ್ಟಿಲು. ಕತ್ತಲೆ. ಕರೆಂಟು ಇರಲಿಲ್ಲ. ದ್ರಾವಣದ ವಾಸನೆ ಗಂಟಲಿಗೆ ಅಡರಿತು. ಸ್ಟೂಲು ಎಲ್ಲಿ? ಕೈಗೆ ಸಿಕ್ಕಿತು. ಹತ್ತಿದಳು. ಕತ್ತಲಲ್ಲಿ ಏನೋ ಕಟ್ ಅಂದಿತು. ತನ್ನ ಹಲ್ಲೋ? ಅದರದೋ? ಉಸಿರು ಬಿಗಿಹಿಡಿದಳು. ಕಟ್. ಕಟ್. ಗಂಟು ಕೈಗೆ ಬಂತು. ದಾರ ಬಿಚ್ಚಲು ಆಗಲಿಲ್ಲ. ಒಡೆದರೆ ತಂಗಿಯನ್ನಾದರೂ ಬಿಟ್ಟೀತು. ಎತ್ತಿದಳು. ನೆಲಕ್ಕೆ ಅಪ್ಪಳಿಸಿದಳು. ಮತ್ತೆ ಎತ್ತಿದಳು. ಅಪ್ಪಳಿಸಿದಳು. ಬಟ್ಟೆ ಹರಿಯಿತು. ಅಚ್ಚು ಒಡೆಯಿತು. ಚೂರು ಮುಟ್ಟಿ ನೋಡಿದಳು. ಒಳಗೆ ಹಸಿ ಇತ್ತು. ಒಂಬತ್ತು ವರ್ಷದ ಪ್ಲಾಸ್ಟರ್, ಒದ್ದೆ. ಬೆಚ್ಚಗೆ.

"ಒಡೆದ್ಯಾ?"

ಮೆಟ್ಟಿಲ ಮೇಲೆ ಪ್ಲಾಸ್ಟರಮ್ಮ ನಿಂತಿದ್ದಳು.

ಫೋನು ಹೊಡೆದುಕೊಂಡಿತು. ದೊಡ್ಡಮ್ಮ: "ಎಲ್ಲಿ ಹಾಳಾಗಿ ಹೋದೆ ನೀನು? ಆಸ್ಪತ್ರೇಲಿದ್ದೀವಿ. ಹುಡುಗಿಗೆ ಉಸಿರು ಎಳೀತಿದೆ. ಏನು ಮಾತ್ರೆ ಕೊಟ್ಟಿದ್ದು ಅಂತ ಡಾಕ್ಟ್ರಮ್ಮ ಬಡ್ಕೋತಿದ್ದಾರೆ, ಹೇಳೋರ್ಯಾರು ಇಲ್ಲಿ?"

ಮಾತ್ರೆ.

ಕಿಟಕಿಯಿಂದ ಬಿದ್ದ ಒಂದೆಳೆ ಬೆಳಕಿನಲ್ಲಿ ಮೇಜಿನ ಮೇಲಿನ ಡಬ್ಬ ಹೊಳೆಯುತ್ತಿತ್ತು. ಎದೆಗವಚಿಕೊಂಡು ಮತ್ತೆ ಓಡಿದಳು.

ಡಾಕ್ಟರಮ್ಮ ಮಾತ್ರೆಯನ್ನು ಒಂದು ಸಲ ನೋಡಿದರು, ಅಷ್ಟೇ. ನರಕ್ಕೆ ಸೂಜಿ ಚುಚ್ಚಿದರು. ಹತ್ತು ನಿಮಿಷವಾಗಲಿಲ್ಲ, ತಂಗಿಯ ಕತ್ತು ಸಡಿಲಾಯಿತು. ಕಣ್ಣು ಕೆಳಗಿಳಿದು ಅಕ್ಕನನ್ನು ಹುಡುಕಿತು. ದವಡೆ ತನ್ನ ಜಾಗಕ್ಕೆ ಬಂತು. ಬಾಯಿಬಡುಕಿ ಮಂಚದ ಕಾಲು ಹಿಡಿದು ಕುಸಿದು ಅತ್ತಳು.

"ಮಗುಗೆ ಏನೂ ಆಗಿಲ್ಲ, ಅಳಬೇಡಿ," ಅಂದರು ಡಾಕ್ಟರಮ್ಮ. "ವಾಂತಿ ನಿಲ್ಲಿಸೋ ಈ ಮಾತ್ರೆ ಕೆಲವರಿಗೆ ಹೀಗೆ ಮಾಡುತ್ತೆ, ಅದ್ರಲ್ಲೂ ಚಿಕ್ಕ ವಯಸ್ಸಿನ ಹೆಣ್ಮಕ್ಕಳಿಗೆ. ಮಾಟಾನೂ ಅಲ್ಲ, ಮಂತ್ರಾನೂ ಅಲ್ಲ. ಬೇಗ ಕರ್ಕೊಂಡು ಬಂದಿದ್ರೆ ಪಾಪ ಇಷ್ಟು ಹೊತ್ತು ನರಳ್ತಿರಲಿಲ್ಲ." ಆಮೇಲೆ ಅವರ ಕಣ್ಣು ಅಕ್ಕನ ತುಟಿಯ ಮೇಲೆ ನಿಂತಿತು. "ನೀವೂ ತಗೋತಿದ್ದೀರಾ? ಎಷ್ಟು ದಿನದಿಂದ?"

"ನಾಲ್ಕು ತಿಂಗಳು. ಮೂರು ಹೊತ್ತೂ."

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಇವತ್ತೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ಮೊದ್ಲು ಸ್ವಲ್ಪ ಹೆಚ್ಚಾಗಬಹುದು, ಹೆದರಬೇಡಿ. ಆಮೇಲೆ ಕಡಿಮೆ ಆಗಬಹುದು."

"ಆಗ್ದೇ ಇದ್ರೆ?"

"ಕೆಲವರಿಗೆ ಉಳ್ಕೊಂಡುಬಿಡುತ್ತೆ ಅಮ್ಮಾ. ಈಗಲೇ ಹೇಳೋಕಾಗಲ್ಲ."

ಮಾರನೆಯ ದಿನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಪ್ಲಾಸ್ಟರಮ್ಮ ಕಲಸುತ್ತಿದ್ದ ಬಟ್ಟಲನ್ನು ಕೆಳಗಿಟ್ಟು, "ಟೀಚರಮ್ಮಂಗೂ ವಾಕರಿಕೆ ಅಂತ ಯಜಮಾನ್ರು ಬಂದಾಗೆಲ್ಲ ಒಂದು ಚೀಟಿ ಮಾತ್ರೆ ಕಟ್ಕೊಡ್ತಿದ್ರು," ಅಂದಳು. ಕಿಟಕಿ ಪಕ್ಕದ ಇಬ್ಬರೂ ಅದೇ ಡಬ್ಬದ ಮಾತ್ರೆ ನುಂಗಿದವರು. ಯಜಮಾನರು ಮುಖ ಮುಚ್ಚಿಕೊಂಡು ಅತ್ತು, ಡಬ್ಬವನ್ನು ಚರಂಡಿಗೆ ಸುರಿದರು. ಹಾಗಾದರೆ ಹನ್ನೆರಡು ವರ್ಷ ನುಂಗಿದ ಅವರಿಗೆ ಯಾಕೆ ಏನೂ ಆಗಲಿಲ್ಲ? ಎಲ್ಲರಿಗೂ ಆಗುವುದಿಲ್ಲ ಅಂದಿದ್ದರು ಡಾಕ್ಟರಮ್ಮ.

"ಅವರು ಟೀಚರಮ್ಮನ್ನ ನೋಡಿ ಒಂದಿನಾನೂ ನಗಲಿಲ್ಲ," ಅಂದಳು ಪ್ಲಾಸ್ಟರಮ್ಮ.

ಮಾತ್ರೆ ನಿಂತಿತು, ಬಾಯಿ ನಿಲ್ಲಲಿಲ್ಲ. ಕಾಲಿನ ಕುಣಿತ ಇಳಿಯಿತು, ಬಾಯಿ ಮಾತ್ರ ದುಪ್ಪಟ್ಟಾಯಿತು. ತಿಂಗಳುಗಳು ಕಳೆದವು. ಡಾಕ್ಟರಮ್ಮ ಬೇರೆ ಮದ್ದು ಕೊಟ್ಟರು, ಒಂದು ಪಾಲು ಕಡಿಮೆಯಾಯಿತು, ಮೂರು ಪಾಲು ಉಳಿಯಿತು. ಉಜ್ಜಿದ ಆರೂ ಹಲ್ಲು ಕೀವು ಕಟ್ಟಿ ಕೀಳಿಸಬೇಕಾಯಿತು. ಮಾತು ನಾಲಿಗೆಯ ಮೇಲೆ ತೊಡರುತ್ತಿತ್ತು. ಬಾಯಿಬಡುಕಿ ಮಾತಾಡುವುದನ್ನು ಬಿಟ್ಟಳು, ಕೆಲಸವನ್ನೂ ಬಿಟ್ಟಳು. ಆದರೆ ತಂಗಿಯ ಬಸಿರು ಈ ಸಲ ಉಳಿಯಿತು. ಹೆಣ್ಣು ಕೂಸು ಹುಟ್ಟಿತು. ಅದೊಂದಕ್ಕೆ ಅವಳು ಏನು ಬೇಕಾದರೂ ಕೊಟ್ಟಾಳು.

ಒಂದು ವರ್ಷದ ಮೇಲೆ ಯಜಮಾನರೇ ಕರೆಸಿದರು. "ನಿನ್ನ ಸೆಟ್ಟು ನಾನೇ ಮಾಡ್ಕೊಡ್ತೀನಿ, ಬಾಮ್ಮ."

ಎಷ್ಟೋ ಬಾಯಿಗಳನ್ನು ತಾನು ಕೂರಿಸಿದ್ದ ಕುರ್ಚಿಯಲ್ಲಿ ಕೂತಳು. ಕಿಟಕಿ ಪಕ್ಕ ಹೊಸ ಕೆಲಸಗಾರನಿದ್ದ, ನಲವತ್ತರ ಬೋಳುತಲೆಯವನು. ಅಚ್ಚಿನ ಮುದ್ದೆ ಗಟ್ಟಿಯಾಗಲು ಒಂದೇ ನಿಮಿಷ ಬೇಕು. "ಒಂದು ನಿಮಿಷ ಅಲ್ಲಾಡಿಸ್ಬೇಡ," ಅಂದರು ಯಜಮಾನರು. ಆ ಒಂದು ನಿಮಿಷ ಅವಳ ಬಳಿ ಇರಲಿಲ್ಲ. ಮೂರು ಸಲ ತೆಗೆದರು. ಮೂರು ಸಲವೂ ಕಲಸುಮೇಲೋಗರ.

ಎದುರಿನ ಕನ್ನಡಿಯಲ್ಲಿ ಕಂಡಿತು. ಅವಳ ಬೆನ್ನ ಹಿಂದೆ ಬೋಳುತಲೆ ತುಟಿ ಚೂಪು ಮಾಡಿದ, ದವಡೆ ಆಡಿಸಿದ, ನಾಲಿಗೆ ಹೊರಹಾಕಿದ. ಭುಜ ಕುಲುಕಿಸಿ ನಕ್ಕ. ಅವನ ಮೇಜಿನ ಮೇಲೆ ಅದೇ ಹಳೆಯ ತಗಡಿನ ಡಬ್ಬವಿತ್ತು, ಮತ್ತೆ ಬಿಳಿ ಮಾತ್ರೆ ತುಂಬಿಕೊಂಡು. ಮೇಜಿನ ಕೆಳಗೆ ಹಿಮ್ಮಡಿ ಟಕಟಕ ಕುಣಿಯುತ್ತಿತ್ತು.

ಸಿಟ್ಟು ನೆತ್ತಿಗೇರಿತು. ಟೀಚರಮ್ಮ ಅಂದು ಅಂದ ಮಾತು, ಅಕ್ಷರ ಅಕ್ಷರವಾಗಿ ಅವಳ ನಾಲಿಗೆಯ ತುದಿಗೆ ಬಂದು ಕೂತಿತು. ಹೇಳಿಬಿಡಲೇ? ನುಂಗಿದಳು. ಬದಲಿಗೆ ಡಬ್ಬದ ಕಡೆ ಬೆರಳು ತೋರಿ, ಕಷ್ಟಪಟ್ಟು ತೊದಲಿದಳು: "ಅದನ್ನ ಮುಟ್ಟಬೇಡಪ್ಪ. ನುಂಗಬೇಡ."

"ಯಜಮಾನ್ರು ಎಲ್ಲಾ ಹೇಳಿದ್ದಾರೆ ಅಕ್ಕಾ. ದಿನಾ ಅಲ್ಲ, ವಾಸನೆ ತಡೆಯೋಕಾಗ್ದಾಗ ಮಾತ್ರ," ಅಂದು ಅವನು ನಕ್ಕ. "ಗಂಟಿಗೆ ಮಾತ್ರ ಮಾಟ ಅಂದ್ಕೊಂಡಿದ್ದೆ. ಮಾತ್ರೆಗೂ ಮಾಟಾನಾ?"

ಯಜಮಾನರು ತಲೆ ತಗ್ಗಿಸಿದ್ದರು. ಪ್ಲಾಸ್ಟರಮ್ಮ ಬಾಯಿಬಡುಕಿಯ ಕೆಟ್ಟ ಅಚ್ಚುಗಳಲ್ಲಿ ಒಂದನ್ನು ತೊಳೆದು, ಮೇಲಿನ ಹಲಗೆಯ ಖಾಲಿ ಮೂಲೆಯನ್ನು ನೋಡಿ, ಮತ್ತೆ ಕೆಳಗಿಟ್ಟಳು.

ಮನೆ ತಲುಪಿದಾಗ ಸಂಜೆಯ ಬಿಸಿಲು ತೊಟ್ಟಿಲ ಮೇಲೆ ಬಿದ್ದಿತ್ತು. ನಾಲ್ಕು ತಿಂಗಳ ಕೂಸು ಕಣ್ಣರಳಿಸಿ ಬಾಯಿಬಡುಕಿಯ ಮುಖ ನೋಡಿತು. ಆಡುತ್ತಿದ್ದ ಬಾಯಿ ನೋಡಿತು. ಒಂದು ಗಳಿಗೆ ಎವೆಯಿಕ್ಕದೆ ನೋಡಿ, ಕೇಕೆ ಹಾಕಿ ನಕ್ಕಿತು.

"ನೋಡಕ್ಕಾ!" ತಂಗಿ ಕುಣಿದಳು. "ಕೇಕೆ ಹಾಕಿ ನಕ್ಕಿದ್ದು ಇದೇ ಮೊದಲು! ನಿನ್ನ ಬಾಯಿ ನೋಡೇ ನಗ್ತಿದ್ದಾಳೆ. ಇನ್ನೊಂದ್ಸಲ ಮಾಡು, ಇನ್ನೊಂದ್ಸಲ."

ಬಾಯಿಬಡುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾತ್ರೆಯಿಂದ ಬಂದದ್ದು, ಮಾತ್ರೆಯಿಂದ, ಡಾಕ್ಟರಮ್ಮ ಹೇಳಿದ್ದಾರೆ ಅಂತ ಮನಸ್ಸಿನಲ್ಲೇ ನೂರು ಸಲ ಅಂದುಕೊಂಡಳು. ಆದರೂ ಅವತ್ತಿನಿಂದ ಆ ಕೂಸಿನ ಮುಂದೆ ಸೆರಗು ತೆಗೆಯಲಿಲ್ಲ. ಮುದ್ದಿಸಲೂ ಇಲ್ಲ. ಸೆರಗಿನೊಳಗೆ ಬಾಯಿ ಅಗಿಯುತ್ತಲೇ ಇತ್ತು. ತೊಟ್ಟಿಲಲ್ಲಿ ಕೂಸೂ ತುಟಿ ಆಡಿಸುತ್ತಿತ್ತು, ಕೂಸುಗಳೆಲ್ಲ ಆಡಿಸುತ್ತವೆ.